ದಾಂಪತ್ಯ ಮುರಿದರೆ ಗ್ರೀನ್ ಕಾರ್ಡ್ ಹೋಗುತ್ತದೆಯೇ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಅಮೆರಿಕದ ವಲಸೆ ಕಾನೂನು

ಪ್ರಶ್ನೆ: ನನ್ನ ಗಂಡ ಅಮೆರಿಕದ ಪ್ರಜೆ. ಹಿರಿಯರು ನೋಡಿ ಮಾಡಿದ ಮದುವೆ. ಮದುವೆಯಾದ ವರ್ಷದೊಳಗೆ ಕ್ಯಾಲಿಫೋರ್ನಿಯಾಕ್ಕೆ ಬಂದೆ, ಎರಡು ವರ್ಷದ ಗ್ರೀನ್ ಕಾರ್ಡ್ ಸಿಕ್ಕಿತು. ಅದರ ಅವಧಿ ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಹೋದ ವಾರ ಅವರು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ‘ಜಂಟಿ ಅರ್ಜಿಗೆ ಸಹಿ ಹಾಕುವುದಿಲ್ಲ, ಸ್ಪಾನ್ಸರ್‌ಶಿಪ್ ವಾಪಸ್ ತೆಗೆದುಕೊಳ್ಳುತ್ತೇನೆ, ಊರಿಗೆ ಹೊರಡು’ ಎನ್ನುತ್ತಾರೆ. ಅಪ್ಪ ಅಮ್ಮನೂ ಬಂದುಬಿಡು ಎನ್ನುತ್ತಿದ್ದಾರೆ. ನಾನೀಗ ಗೆಳತಿಯ ಮನೆಯಲ್ಲಿದ್ದೇನೆ, ಕೆಲಸವಿದೆ. ಅವರ ಸಹಿ ಇಲ್ಲದೆ ನಾನು ಇಲ್ಲಿ ಉಳಿಯಬಹುದೇ?
— ಹೆಸರು ಬೇಡ, ಕ್ಯಾಲಿಫೋರ್ನಿಯಾ

ಉತ್ತರ: ಉಳಿಯಬಹುದು. ಸಹಿ ಹಾಕುವುದೂ ಬಿಡುವುದೂ ನಿಮ್ಮ ಗಂಡನ ಇಷ್ಟ. ಆದರೆ ನಿಮ್ಮನ್ನು ದೇಶದಿಂದ ಕಳುಹಿಸುವ ಅಧಿಕಾರ ಅವರಿಗಿಲ್ಲ. ನಿಮಗೆ ಕಾಯಂ ವಾಸದ ಹಕ್ಕು ಕೊಟ್ಟಿರುವುದು ಸರ್ಕಾರ. ಅದನ್ನು ಕಿತ್ತುಕೊಳ್ಳಬೇಕಾದರೂ ಸರ್ಕಾರವೇ ಕ್ರಮ ಕೈಗೊಳ್ಳಬೇಕು, ಕೊನೆಯ ಮಾತನ್ನು ವಲಸೆ ನ್ಯಾಯಾಧೀಶರು ಹೇಳಬೇಕು. ಕಾರ್ಡ್ ಮಂಜೂರಾದ ಮೇಲೆ ‘ಸ್ಪಾನ್ಸರ್‌ಶಿಪ್ ವಾಪಸ್’ ಎಂಬುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ನಿಮ್ಮ ಕಾರ್ಡ್ ಎರಡೇ ವರ್ಷದ್ದಾಗಲು ಕಾರಣ 1986ರ ಕಾಯ್ದೆ. ಕಾಯಂ ವಾಸದ ಹಕ್ಕು ಸಿಕ್ಕ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಆ ಹಕ್ಕಿಗೆ ಒಂದು ಷರತ್ತು ಅಂಟಿಕೊಳ್ಳುತ್ತದೆ. ಅದನ್ನು ತೆಗೆಸಲು ಐ-751 ಎಂಬ ಅರ್ಜಿ ಸಲ್ಲಿಸಬೇಕು. ಒಟ್ಟಿಗಿರುವ ದಂಪತಿ ಕಾರ್ಡ್ ಮುಗಿಯುವ ಮೊದಲಿನ 90 ದಿನಗಳಲ್ಲಿ ಜಂಟಿಯಾಗಿ ಸಲ್ಲಿಸುತ್ತಾರೆ. ದಾಂಪತ್ಯ ಮುರಿದವರು ಜಂಟಿ ಸಹಿಯಿಂದ ವಿನಾಯಿತಿ ಕೋರಿ, ಅದೇ ಅರ್ಜಿಯನ್ನು ಒಬ್ಬರೇ ಸಲ್ಲಿಸಬಹುದು. ಹೀಗೆ ಸಲ್ಲಿಸುವವರಿಗೆ 90 ದಿನಗಳ ಕಟ್ಟು ಇಲ್ಲ. ಷರತ್ತಿನ ಕಾರ್ಡ್ ಕೈಗೆ ಬಂದ ಮೇಲೆ ಯಾವಾಗ ಬೇಕಾದರೂ ಸಲ್ಲಿಸಬಹುದು. ನಿಮ್ಮ ದಾರಿ ಇದೇ: ಮದುವೆ ಪ್ರಾಮಾಣಿಕವಾಗಿ ಆದದ್ದು, ಈಗ ವಿಚ್ಛೇದನದಿಂದ ಮುಗಿದಿದೆ ಎಂಬ ಆಧಾರದ ವಿನಾಯಿತಿ.

ಇಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಒಂದಿದೆ. ಅಧಿಕಾರಿ ಕೇಳುವುದು, ಮದುವೆಯಾದಾಗ ಒಟ್ಟಿಗೆ ಬಾಳುವ ಉದ್ದೇಶ ಇಬ್ಬರಿಗೂ ಇತ್ತೇ ಎಂದು. 1975ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬಾರ್ಕ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಮುಂದೆ ಬೇರೆಯಾದರು ಎಂಬುದೊಂದರಿಂದಲೇ ಮದುವೆ ನಕಲಿ ಎಂದಾಗುವುದಿಲ್ಲ. ಸಂಸಾರ ಉಳಿಯಲಿಲ್ಲ ಎಂಬ ನಾಚಿಕೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ತಮ್ಮದೇ ತಪ್ಪೆಂಬಂತೆ ಅರ್ಜಿಯನ್ನೇ ಸಲ್ಲಿಸದೆ ವಿಮಾನ ಹತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಿಚ್ಛೇದನ ಅಪರಾಧವಲ್ಲ.

ಪುರಾವೆ ಜೋಡಿಸುವ ಕೆಲಸವನ್ನು ಇವತ್ತೇ ಶುರು ಮಾಡಿ, ಏಕೆಂದರೆ ದಿನ ಕಳೆದಂತೆ ಕಾಗದಗಳು ಕೈತಪ್ಪುತ್ತವೆ. ಜಂಟಿ ಬ್ಯಾಂಕ್ ಖಾತೆಗೆ ಈಗಲೇ ಲಾಗಿನ್ ಆಗಿ, ಖಾತೆ ತೆರೆದ ದಿನದಿಂದ ಇಂದಿನವರೆಗಿನ ಎಲ್ಲ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ನಾಳೆ ಪಾಸ್‌ವರ್ಡ್ ಬದಲಾದರೂ ನೀವು ಖಾತೆದಾರರೇ, ಶಾಖೆಗೆ ಹೋಗಿ ಕೇಳಬಹುದು. ಜಂಟಿ ತೆರಿಗೆ ಲೆಕ್ಕ ಸಲ್ಲಿಸಿದ್ದರೆ ಅದರ ಟ್ರಾನ್ಸ್‌ಕ್ರಿಪ್ಟ್ ಅನ್ನು ತೆರಿಗೆ ಇಲಾಖೆ ನಿಮಗೂ ಕೊಡುತ್ತದೆ, ಗಂಡನ ಒಪ್ಪಿಗೆ ಬೇಕಿಲ್ಲ. ಇಬ್ಬರ ಹೆಸರಿದ್ದ ಬಾಡಿಗೆ ಕರಾರು, ಕಾರಿನ ವಿಮೆ, ಅವರ ಕಂಪನಿಯ ಆರೋಗ್ಯ ವಿಮೆಯಲ್ಲಿ ನಿಮ್ಮ ಹೆಸರಿದ್ದ ಪತ್ರ, ವಿದ್ಯುತ್ ಬಿಲ್, ಒಟ್ಟಿಗೆ ಹೋದ ಪ್ರವಾಸದ ಟಿಕೆಟ್, ಎಲ್ಲವೂ ಬೇಕು.

ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಇನ್ನೊಂದು ಅನುಕೂಲವಿದೆ, ನಮ್ಮವರು ಅದನ್ನು ಮರೆಯುತ್ತಾರೆ. ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ, ಧಾರೆಯಿಂದ ಆರತಕ್ಷತೆಯವರೆಗಿನ ಚಿತ್ರಗಳು, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವಿನ ತಿಂಗಳುಗಳಲ್ಲಿ ಆಡಿದ ಮಾತುಗಳ ವಾಟ್ಸಾಪ್ ದಾಖಲೆ: ಎರಡು ಕುಟುಂಬಗಳು ಸೇರಿ ಸಂಸಾರ ಹೂಡಲೆಂದೇ ಇದನ್ನೆಲ್ಲ ಮಾಡಿದವು ಎಂಬುದಕ್ಕೆ ಇವು ಸಾಕ್ಷಿ. ಅಮೆರಿಕದ ಅಧಿಕಾರಿಗೆ ನಮ್ಮ ಪದ್ಧತಿ ಗೊತ್ತಿರಬೇಕೆಂದಿಲ್ಲ. ಆದ್ದರಿಂದ ಪ್ರತಿ ಚಿತ್ರದ ಕೆಳಗೆ ದಿನಾಂಕ, ಸ್ಥಳ, ಯಾರು ಯಾರಿದ್ದಾರೆ, ಏನು ನಡೆಯುತ್ತಿದೆ ಎಂದು ಒಂದು ಸಾಲು ಬರೆಯಿರಿ. ಕನ್ನಡದ ಕಾಗದಗಳಿಗೆ ದೃಢೀಕೃತ ಇಂಗ್ಲಿಷ್ ಅನುವಾದ ಲಗತ್ತಿಸಿ. ನಿಮ್ಮಿಬ್ಬರನ್ನೂ ಹತ್ತಿರದಿಂದ ಕಂಡ ಕನಿಷ್ಠ ಇಬ್ಬರಿಂದ ಪ್ರಮಾಣಪತ್ರ (ಅಫಿಡವಿಟ್) ಬರೆಸಿ. ‘ಒಳ್ಳೆಯ ದಂಪತಿ’ ಎಂಬ ಒಂದು ಸಾಲಿಗೆ ಬೆಲೆಯಿಲ್ಲ. ಯಾವ ಹಬ್ಬಕ್ಕೆ ನಿಮ್ಮ ಮನೆಗೆ ಬಂದಿದ್ದರು, ಅಲ್ಲಿ ಏನು ಕಂಡರು ಎಂದು ಅವರು ಬರೆಯಲಿ.

ಇವುಗಳ ಜೊತೆಗೆ ನಿಮ್ಮದೇ ಹೇಳಿಕೆ ಇರಬೇಕು. ಹೇಗೆ ಪರಿಚಯವಾಯಿತು, ಏಕೆ ಒಪ್ಪಿದಿರಿ, ಹೇಗೆ ಬಾಳಿದಿರಿ, ಎಲ್ಲಿ ಬಿರುಕು ಬಿಟ್ಟಿತು ಎಂಬುದನ್ನು ನೇರವಾಗಿ ಬರೆಯಿರಿ. ಗಂಡನನ್ನು ದೂರಲು ಪುಟಗಳನ್ನು ವ್ಯಯಿಸಬೇಡಿ. ಜಂಟಿ ಖಾತೆ ತೆರೆಯದಿದ್ದರೆ ಏಕೆ ತೆರೆಯಲಿಲ್ಲ ಎಂದು ನೀವೇ ಮೊದಲು ಹೇಳಿಬಿಡಿ, ಅಧಿಕಾರಿ ಊಹಿಸುವಂತೆ ಬಿಡಬೇಡಿ.

ಇನ್ನು ಕಾಲದ ಲೆಕ್ಕ. ನಿಮ್ಮ ಪ್ರಕರಣದಲ್ಲಿ ನನಗೆ ಚಿಂತೆಯಿರುವುದು ಇಲ್ಲೇ. ವಿನಾಯಿತಿ ಮಂಜೂರಾಗಲು ವಿಚ್ಛೇದನದ ಅಂತಿಮ ಆದೇಶ ಬೇಕೇ ಬೇಕು. ಬೇರೆ ವಾಸವಾಗಿರುವುದು ಸಾಲದು. ಕ್ಯಾಲಿಫೋರ್ನಿಯಾದಲ್ಲಿ ಗಂಡನ ಅರ್ಜಿ ನಿಮಗೆ ವಿಧಿವತ್ತಾಗಿ ತಲುಪಿದ ದಿನದಿಂದ ಕನಿಷ್ಠ ಆರು ತಿಂಗಳು ಕಳೆಯದೆ ಮದುವೆ ಮುಗಿಯುವುದಿಲ್ಲ. (ಟೆಕ್ಸಾಸ್‌ನಲ್ಲಿ ಈ ಕಾಯುವಿಕೆ ಅರ್ಜಿ ಹಾಕಿದ ದಿನದಿಂದ 60 ದಿನ ಮಾತ್ರ.) ನಿಮ್ಮ ಕಾರ್ಡ್ ಮುಗಿಯುವುದು ನಾಲ್ಕು ತಿಂಗಳಿಗೆ. ಅಂದರೆ ಆದೇಶ ಕೈಗೆ ಬರುವ ಮೊದಲೇ ಕಾರ್ಡ್ ಮುಗಿಯುತ್ತದೆ. ಐ-751 ಸಲ್ಲಿಸದೆ ಆ ದಿನಾಂಕ ದಾಟಿದರೆ ನಿಮ್ಮ ಸ್ಥಾನಮಾನ ತಾನಾಗಿಯೇ ಕೊನೆಗೊಳ್ಳುತ್ತದೆ. ಆದ್ದರಿಂದ ಆದೇಶಕ್ಕಾಗಿ ಕಾಯುತ್ತಾ ಕೂರಬೇಡಿ. ವಿಚ್ಛೇದನ ನ್ಯಾಯಾಲಯದಲ್ಲಿದೆ ಎಂಬ ದಾಖಲೆಯೊಂದಿಗೆ, ಕಾರ್ಡ್ ಮುಗಿಯುವ ಮೊದಲೇ ವಿನಾಯಿತಿ ಕೋರಿ ಅರ್ಜಿ ಸಲ್ಲಿಸಿ.

ಅರ್ಜಿ ತಲುಪಿದ ಮೇಲೆ ಬರುವ ಸ್ವೀಕೃತಿ ಪತ್ರ ಕಾರ್ಡಿನ ಅವಧಿಯನ್ನು 48 ತಿಂಗಳು ವಿಸ್ತರಿಸುತ್ತದೆ. 2023ರ ಜನವರಿಯಿಂದ ಈ ವ್ಯವಸ್ಥೆ ಇದೆ. ಹಳೆಯ ಕಾರ್ಡ್ ಮತ್ತು ಆ ಪತ್ರ ಎರಡೂ ಇದ್ದರೆ ಕೆಲಸ ಮಾಡಬಹುದು, ಪ್ರಯಾಣಿಸಬಹುದು. ಕಡತ ಅಧಿಕಾರಿಯ ಮೇಜಿಗೆ ಬರಲು ಸಾಮಾನ್ಯವಾಗಿ ಬಹಳ ತಿಂಗಳುಗಳು ಬೇಕು, ಅಷ್ಟರಲ್ಲಿ ನಿಮ್ಮ ಆದೇಶ ಬಂದಿರುವ ಸಾಧ್ಯತೆ ಹೆಚ್ಚು. ಬಂದ ಕೂಡಲೇ ಅದರ ಪ್ರತಿಯನ್ನು ಕಳುಹಿಸಿ. ಆದೇಶ ಬರುವ ಮೊದಲೇ ಅಧಿಕಾರಿ ಅದನ್ನು ಕೇಳಿದರೆ ಉತ್ತರಿಸಲು ಸಿಗುವ ಗರಿಷ್ಠ ಅವಧಿ, ಅಂಚೆಯ ಮೂರು ದಿನ ಸೇರಿ, 87 ದಿನ. ಅದನ್ನು ವಿಸ್ತರಿಸುವುದಿಲ್ಲ. ಆಸ್ತಿ ಹಂಚಿಕೆಯ ಜಗಳದಲ್ಲಿ ವಿಚ್ಛೇದನ ಎಳೆಯುತ್ತಾ ಹೋದರೆ, ಮೊದಲು ಮದುವೆಯನ್ನಷ್ಟೇ ಕೊನೆಗೊಳಿಸಿ ಆಸ್ತಿಯ ವಿಚಾರವನ್ನು ಆಮೇಲೆ ನೋಡುವಂತೆ ಕ್ಯಾಲಿಫೋರ್ನಿಯಾದ ನ್ಯಾಯಾಲಯವನ್ನು ಕೇಳಿಕೊಳ್ಳಬಹುದು. ಈ ಉಪಾಯವನ್ನು ನಿಮ್ಮ ಕುಟುಂಬ ನ್ಯಾಯಾಲಯದ ವಕೀಲರ ಕಿವಿಗೆ ಹಾಕಿ. ಅವರೂ ವಲಸೆ ವಕೀಲರೂ ಪರಸ್ಪರ ಮಾತನಾಡುವಂತೆ ನೋಡಿಕೊಳ್ಳಿ. ಇಂತಹ ಪ್ರಕರಣಗಳು ಕೆಡುವುದು ಬಹುಮಟ್ಟಿಗೆ ಇಬ್ಬರೂ ತಮ್ಮ ತಮ್ಮ ಕಡತವನ್ನಷ್ಟೇ ನೋಡಿದಾಗ.

ಗಂಡ ಹಾಕಿರುವ ಅರ್ಜಿಯನ್ನು ಸಾಲು ಸಾಲಾಗಿ ಓದಿ. ಅದು ವಿಚ್ಛೇದನದ ಅರ್ಜಿಯೋ, ಮದುವೆಯೇ ಅಸಿಂಧು ಎನ್ನುವ ಅರ್ಜಿಯೋ? ‘ಗ್ರೀನ್ ಕಾರ್ಡಿಗಾಗಿ ನನ್ನನ್ನು ವಂಚಿಸಿ ಮದುವೆಯಾದಳು’ ಎಂಬ ಆರೋಪದ ಮೇಲೆ ಮದುವೆಯನ್ನು ಅಸಿಂಧುಗೊಳಿಸಲು ಕೆಲವರು ಕೇಳುತ್ತಾರೆ. ನೀವು ಉತ್ತರಿಸದೆ ಸುಮ್ಮನಿದ್ದರೆ ಆ ಆರೋಪವೇ ನ್ಯಾಯಾಲಯದ ಆದೇಶವಾಗಿ ಬಂದು ಕೂರುತ್ತದೆ. ಉತ್ತರಿಸಲು ನಿಮಗಿರುವುದು 30 ದಿನ. ರಾಜಿ ಪತ್ರದಲ್ಲೂ ಅಂಥ ಒಂದು ಸಾಲು ನುಸುಳಿದ್ದರೆ, ಎಷ್ಟೇ ಹಣ ಕೊಡುತ್ತೇನೆಂದರೂ ಸಹಿ ಹಾಕಬೇಡಿ. ಮದುವೆ ವಂಚನೆಯ ತೀರ್ಮಾನವಾದರೆ ಮುಂದೆ ಯಾರು ನಿಮ್ಮ ಪರ ವಲಸೆ ಅರ್ಜಿ ಹಾಕಿದರೂ ಮಂಜೂರಾಗದು. ಅದೇ ಕಾರಣಕ್ಕೆ, ಗಂಡನ ಸಹಿಯನ್ನು ನೀವೇ ಹಾಕುವುದಾಗಲಿ, ಒಟ್ಟಿಗಿದ್ದೇವೆ ಎಂದು ಬರೆಯುವುದಾಗಲಿ ಕನಸಿನಲ್ಲೂ ಬೇಡ. ‘ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಕನ್ಸಲ್ಟೆಂಟ್‌ಗಳನ್ನು ದೂರವಿಡಿ. ನಿಮ್ಮ ಪರವಾಗಿ ನಿಲ್ಲಬಹುದಾದವರು ಪರವಾನಗಿ ಇರುವ ವಕೀಲರು ಅಥವಾ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು ಮಾತ್ರ.

ಮನೆ ಬಿಟ್ಟಿದ್ದೀರಿ, ಸರಿ. ವಿಳಾಸ ಬದಲಿಸಿದ್ದೀರಾ? ಮನೆ ಬದಲಿಸಿದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಮೂಲಕ ತಿಳಿಸುವುದು ಕಾನೂನಿನ ಕಡ್ಡಾಯ. ಬೆರಳಚ್ಚಿನ ದಿನಾಂಕ, ಸಂದರ್ಶನದ ಕರೆ, ಹೆಚ್ಚಿನ ಪುರಾವೆ ಕೇಳುವ ಪತ್ರ, ಎಲ್ಲವೂ ಅಂಚೆಯಲ್ಲಿ ಬರುತ್ತವೆ. ಅವು ಗಂಡನ ಮನೆಯ ಪೆಟ್ಟಿಗೆಗೆ ಬಿದ್ದರೆ ನಿಮ್ಮ ಕೈಸೇರುತ್ತವೆಂಬ ಭರವಸೆ ಇಲ್ಲ.

ಸ್ಪಾನ್ಸರ್‌ಶಿಪ್ ಬೆದರಿಕೆಯ ಬಗ್ಗೆ ಇನ್ನೊಂದು ಮಾತು. ನಿಮಗಾಗಿ ಅವರು ಸಹಿ ಹಾಕಿರುವ ಐ-864 ಸರ್ಕಾರದೊಂದಿಗಿನ ಒಪ್ಪಂದ. ನಿಮ್ಮ ಆದಾಯ ಬಡತನ ರೇಖೆಯ ಶೇ 125ಕ್ಕಿಂತ ಕೆಳಗಿಳಿದರೆ ಅಲ್ಲಿಯವರೆಗೆ ತುಂಬಿಕೊಡುವ ಹೊಣೆ ಅವರದು. ವಿಚ್ಛೇದನದಿಂದ ಈ ಹೊಣೆ ತೀರುವುದಿಲ್ಲ. ನೀವು ಪ್ರಜೆಯಾದಾಗ, 40 ತ್ರೈಮಾಸಿಕಗಳ ದುಡಿಮೆ ನಿಮ್ಮ ಲೆಕ್ಕಕ್ಕೆ ಬಂದಾಗ, ನೀವು ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆದಾಗ, ಇಲ್ಲವೇ ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ ತೀರುತ್ತದೆ. ಅಂದರೆ ಅವರು ವಾಪಸ್ ತೆಗೆದುಕೊಳ್ಳುತ್ತೇನೆ ಎನ್ನುತ್ತಿರುವ ಕಾಗದದ ಬಲದ ಮೇಲೆ ನೀವೇ ಅವರ ವಿರುದ್ಧ ದಾವೆ ಹೂಡಬಹುದು. ವಕೀಲರಿಗೆ ಇದನ್ನು ನೆನಪಿಸಿ, ಅನೇಕರು ಜೀವನಾಂಶದ ಮಾತಿನಲ್ಲಿ ಇದನ್ನು ಮರೆತುಬಿಡುತ್ತಾರೆ.

ಸಂದರ್ಶನಕ್ಕೆ ಕರೆದರೆ ಹೆದರಬೇಡಿ. ಒಬ್ಬರೇ ಸಲ್ಲಿಸಿದ ಅರ್ಜಿಯಲ್ಲಿ ಕರೆಯುವುದು ಸಹಜ. ಒಂದು ಪಕ್ಷ ಅರ್ಜಿ ತಿರಸ್ಕೃತವಾದರೂ ಮರುದಿನವೇ ಗಂಟು ಮೂಟೆ ಕಟ್ಟಬೇಕಿಲ್ಲ. ಪ್ರಕರಣ ವಲಸೆ ನ್ಯಾಯಾಧೀಶರ ಮುಂದೆ ಹೋಗುತ್ತದೆ, ಅವರು ನಿಮ್ಮ ಪುರಾವೆಗಳನ್ನು ಹೊಸದಾಗಿ ನೋಡುತ್ತಾರೆ.

ಪ್ರಶ್ನೆ: ಅಳಿಯ ಅಮೆರಿಕದ ಪ್ರಜೆ. ರಜೆಗೆಂದು ಮಗಳನ್ನು ಊರಿಗೆ ಕರೆತಂದು, ಅವಳ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಎರಡನ್ನೂ ತೆಗೆದುಕೊಂಡು ಒಬ್ಬನೇ ಹೊರಟುಹೋಗಿ ಎಂಟು ತಿಂಗಳಾಯಿತು. ‘ಕಾರ್ಡ್ ರದ್ದು ಮಾಡಿಸಿದ್ದೇನೆ’ ಎಂದು ಮೆಸೇಜ್ ಕಳುಹಿಸಿದ್ದಾನೆ. ಅಲ್ಲಿ ಹೊಡೆಯುತ್ತಿದ್ದ, ಫೋನ್ ಕಿತ್ತಿಡುತ್ತಿದ್ದ ಎಂದು ಮಗಳು ಈಗ ಬಾಯಿ ಬಿಟ್ಟಿದ್ದಾಳೆ. ಅವಳದು ಎರಡು ವರ್ಷದ ಕಾರ್ಡ್, ಅವಧಿ ಇನ್ನೂ ಏಳು ತಿಂಗಳಿದೆ. ಅವಳಿಗೆ ಅಲ್ಲಿಯೇ ಓದು ಮುಂದುವರಿಸುವ ಆಸೆ. ಏನು ಮಾಡಲಿ, ಮೇಡಂ?
— ಒಬ್ಬ ತಾಯಿ, ಕರ್ನಾಟಕ

ಉತ್ತರ: ಅಮ್ಮಾ, ಮೊದಲು ಆ ಮೆಸೇಜನ್ನು ಅಳಿಸದೆ ಕಾಪಾಡಿ. ಕಾರ್ಡ್ ರದ್ದು ಮಾಡಿಸುವ ಅಧಿಕಾರ ನಿಮ್ಮ ಅಳಿಯನಿಗಿಲ್ಲ. ಅವನು ಬರೆದಿರುವುದು ಸುಳ್ಳು, ಆದರೆ ಬೆದರಿಕೆಗೆ ಅದೇ ಪುರಾವೆ.

ನಿಮ್ಮ ಮುಂದಿರುವ ಗಡಿ ಒಂದು ವರ್ಷ. ಅಮೆರಿಕದಿಂದ ಹೊರಗೆ ಒಂದು ವರ್ಷ ತುಂಬುವುದರೊಳಗೆ ಮಗಳು ಹಿಂದಿರುಗಬೇಕು. ಎಂಟು ತಿಂಗಳು ಈಗಾಗಲೇ ಕಳೆದಿದೆ. ಪಾಸ್‌ಪೋರ್ಟ್ ಮತ್ತು ಕಾರ್ಡ್ ಅವನು ಒಯ್ದ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ಆ ದೂರಿನ ಆಧಾರದ ಮೇಲೆ ಹೊಸ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಪಾಸ್‌ಪೋರ್ಟ್ ಬಂದ ಕೂಡಲೇ ಅಮೆರಿಕದ ರಾಯಭಾರ ವ್ಯವಸ್ಥೆಯ ಮೂಲಕ, ಕರ್ನಾಟಕದವರಿಗೆ ಚೆನ್ನೈ ಕಾನ್ಸುಲೇಟ್ ಮೂಲಕ, ಐ-131ಎ ಅರ್ಜಿ ಸಲ್ಲಿಸಬೇಕು. ಕಾರ್ಡ್ ಕಳೆದುಕೊಂಡ ಕಾಯಂ ನಿವಾಸಿಗೆ ವಿಮಾನ ಹತ್ತಲು ಅನುಮತಿಯ ಚೀಟಿಯನ್ನು ಪಾಸ್‌ಪೋರ್ಟಿನಲ್ಲಿ ಅಂಟಿಸಿಕೊಡುವುದು ಇದರಿಂದಲೇ. ಹೊರಗಿದ್ದು ಒಂದು ವರ್ಷ ದಾಟಿದವರಿಗೆ ಇದು ಸಿಗುವುದಿಲ್ಲ. ಅವರು ಹಿಂದಿರುಗುವ ನಿವಾಸಿಯ ವೀಸಾ ಕೇಳಿ, ಉಳಿದುಕೊಂಡದ್ದು ತಮ್ಮ ಕೈಮೀರಿದ ಕಾರಣಕ್ಕೆ ಎಂದು ಸಾಬೀತು ಮಾಡಬೇಕಾಗುತ್ತದೆ. ಅದು ಕಷ್ಟದ ದಾರಿ.

ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದುದರಿಂದ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಬರುತ್ತವೆ. ಪೊಲೀಸ್ ದೂರು, ಅಳಿಯನ ಮೆಸೇಜ್, ಹೊಸ ಪಾಸ್‌ಪೋರ್ಟ್ ಅರ್ಜಿಯ ರಸೀದಿ, ಅಲ್ಲಿನ ಕಾಲೇಜಿನ ಪತ್ರ, ಎಲ್ಲವೂ ಕೈಚೀಲದಲ್ಲೇ ಇರಲಿ. ಅಧಿಕಾರಿ ಐ-407 ಎಂಬ ಫಾರಂ ಮುಂದಿಟ್ಟು ಸಹಿ ಹಾಕೆಂದರೆ ಹಾಕಬಾರದು. ಅದು ಕಾಯಂ ವಾಸದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರ. ‘ನಾನು ಹಕ್ಕು ಬಿಟ್ಟುಕೊಡುತ್ತಿಲ್ಲ, ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುತ್ತೇನೆ’ ಎಂಬ ಮಾತನ್ನು ಮಗಳು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಳ್ಳಲಿ. ಇಡೀ ರಾತ್ರಿ ನಿದ್ದೆಗೆಟ್ಟು ಇಳಿದವರಿಗೆ ಆ ಹೊತ್ತಿನಲ್ಲಿ ಮಾತು ಹೊಳೆಯುವುದಿಲ್ಲ.

ಷರತ್ತು ತೆಗೆಸಲು ಅವಳು ವಿಚ್ಛೇದನಕ್ಕೆ ಕಾಯಬೇಕಿಲ್ಲ, ಗಂಡನ ಸಹಿಯೂ ಬೇಡ. ಹೊಡೆತ ಅಥವಾ ತೀವ್ರ ಕ್ರೌರ್ಯದ ಆಧಾರದ ಮೇಲೆ ಐ-751 ವಿನಾಯಿತಿ ಪ್ರತ್ಯೇಕವಾಗಿ ಇದೆ. ಫೋನ್ ಕಿತ್ತಿಡುವುದು, ಹಣ ಕೊಡದಿರುವುದು, ದಾಖಲೆ ಮುಟ್ಟುಗೋಲು ಹಾಕಿಕೊಳ್ಳುವುದು, ಗಡೀಪಾರು ಮಾಡಿಸುತ್ತೇನೆಂದು ಹೆದರಿಸುವುದು, ಇವನ್ನೂ ಅದರಲ್ಲಿ ವಿವರವಾಗಿ ಹೇಳಬೇಕು. ಮೈಮೇಲೆ ಗಾಯದ ಗುರುತಿದ್ದರೆ ಮಾತ್ರ ಕ್ರೌರ್ಯ ಎಂದೇನಿಲ್ಲ. ಅಲ್ಲಿ ಅಂದು ಪೊಲೀಸರಿಗೆ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ದಾರಿ ಮುಚ್ಚುವುದಿಲ್ಲ. ವೈದ್ಯರ ಚೀಟಿ, ಅಂದು ಯಾರಿಗಾದರೂ ಕಳುಹಿಸಿದ ಸಂದೇಶ, ಗೆಳತಿಯ ಪ್ರಮಾಣಪತ್ರ, ಆಪ್ತಸಲಹೆಗಾರರ ವರದಿ, ನಂಬಲರ್ಹವಾದ ಏನನ್ನಾದರೂ ಕೊಡಬಹುದು. ಮದುವೆ ಪ್ರಾಮಾಣಿಕವಾಗಿತ್ತು ಎಂಬುದನ್ನು ಮಾತ್ರ ಇಲ್ಲಿಯೂ ತೋರಿಸಬೇಕು. ಅವಳು ಕೊಟ್ಟ ಮಾಹಿತಿಯನ್ನು ಅಧಿಕಾರಿಗಳು ಗಂಡನಿಗೆ ತಿಳಿಸುವಂತಿಲ್ಲ, ಬರೀ ಅವನ ಮಾತು ನೆಚ್ಚಿ ಅವಳ ವಿರುದ್ಧ ತೀರ್ಮಾನಿಸುವಂತೆಯೂ ಇಲ್ಲ. ಫೆಡರಲ್ ಕಾನೂನಿನಲ್ಲಿ ಈ ರಕ್ಷಣೆ ಇದೆ. ಅವಳು ಊರಿನಲ್ಲಿದ್ದಾಳೆಂದು ಅರ್ಜಿಯ ಗಡುವು ನಿಲ್ಲುವುದಿಲ್ಲ, ಏಳು ತಿಂಗಳ ಲೆಕ್ಕ ಓಡುತ್ತಲೇ ಇದೆ. ವಕೀಲರನ್ನು ಇಲ್ಲಿಂದಲೇ ಗೊತ್ತುಮಾಡಿಕೊಳ್ಳಿ.

ಮರಳಿ ಹೋದ ಮೇಲೆ ಅವಳು ಗಂಡನ ಮನೆಗೆ ಹೋಗಬೇಕಿಲ್ಲ, ಅವನಿರುವ ರಾಜ್ಯಕ್ಕೂ ಹೋಗಬೇಕಿಲ್ಲ. ಅಲ್ಲಿನ ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233 ಹಗಲು ರಾತ್ರಿ ತೆರೆದಿರುತ್ತದೆ. ಭಾರತದಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕಕ್ಕೂ ದೂರು ಕೊಡಿ. ನಿಮ್ಮಿಂದಾಗುವ ದೊಡ್ಡ ಉಪಕಾರವೆಂದರೆ, ‘ಹೊಂದಿಕೊಂಡು ಹೋಗು’ ಎಂದು ಮನೆಯಲ್ಲಿ ಯಾರೂ ಅವಳಿಗೆ ಹೇಳದಂತೆ ನೋಡಿಕೊಳ್ಳುವುದು.

ಪ್ರಶ್ನೆ: ಹೆಂಡತಿ ಅಮೆರಿಕದ ಪ್ರಜೆ. ನನಗೆ ಹತ್ತು ವರ್ಷದ ಗ್ರೀನ್ ಕಾರ್ಡ್ ಇದೆ. ಮೂರು ವರ್ಷದ ನಿಯಮದಡಿ ಪೌರತ್ವಕ್ಕೆ ಅರ್ಜಿ ಹಾಕಿದ್ದೇನೆ, ಈಗ ವಿಚ್ಛೇದನವಾಗುತ್ತಿದೆ. ಎರಡೂ ಹೋಗುತ್ತವೆಯೇ?
— ಓದುಗ, ಟೆಕ್ಸಾಸ್

ಉತ್ತರ: ಕಾರ್ಡ್ ಹೋಗುವುದಿಲ್ಲ. ಷರತ್ತಿಲ್ಲದ ಹತ್ತು ವರ್ಷದ ಕಾರ್ಡಿಗೆ ವಿಚ್ಛೇದನ ತಾಗುವುದಿಲ್ಲ, ಕಾರ್ಡ್ ನವೀಕರಿಸುವಾಗ ಹೆಂಡತಿಯ ಸಹಿಯನ್ನು ಯಾರೂ ಕೇಳುವುದಿಲ್ಲ. ಪೌರತ್ವದ ಅರ್ಜಿ ಮಾತ್ರ ಈ ರೂಪದಲ್ಲಿ ನಿಲ್ಲುವುದಿಲ್ಲ. ಮೂರು ವರ್ಷದ ನಿಯಮ ಪ್ರಜೆಯಾದ ಸಂಗಾತಿಯೊಂದಿಗೆ ಬಾಳುತ್ತಿರುವವರಿಗೆ. ಅರ್ಜಿ ಹಾಕಿದ ಮೇಲೆ ವಿಚ್ಛೇದನವಾದರೂ ಅರ್ಹತೆ ತಪ್ಪುತ್ತದೆ. ಇದನ್ನು ಮುಚ್ಚಿಟ್ಟು ಸಂದರ್ಶನಕ್ಕೆ ಹೋಗಬೇಡಿ, ಸುಳ್ಳು ಹೇಳಿ ಪಡೆದ ಪೌರತ್ವವನ್ನು ಮುಂದೆ ಕಸಿದುಕೊಳ್ಳಬಹುದು. ಆ ಅರ್ಜಿ ಹಿಂಪಡೆದು, ಕಾಯಂ ನಿವಾಸಿಯಾಗಿ ಐದು ವರ್ಷ ತುಂಬಲು 90 ದಿನ ಇರುವಾಗ ನಿಮ್ಮ ಸ್ವಂತ ಬಲದ ಮೇಲೆ ಪೌರತ್ವದ ಹೊಸ ಅರ್ಜಿ (ಎನ್-400) ಸಲ್ಲಿಸಿ. ಆಗಲೂ ಹಳೆಯ ಮದುವೆಯ ಬಗ್ಗೆ ಕೇಳಬಹುದು, ಕಾಗದಗಳನ್ನು ಎಸೆಯಬೇಡಿ.

ಮರುಮದುವೆಯ ಯೋಚನೆಯಿದ್ದರೆ ಇದೂ ಗೊತ್ತಿರಲಿ: ಮದುವೆಯ ಮೂಲಕ ಕಾರ್ಡ್ ಪಡೆದವರು ಐದು ವರ್ಷದೊಳಗೆ, ಇನ್ನೂ ಪ್ರಜೆಯಾಗದೆ, ಹೊಸ ಸಂಗಾತಿಗಾಗಿ ಅರ್ಜಿ ಹಾಕಿದರೆ ಮೊದಲ ಮದುವೆ ನಿಜವಾದದ್ದೆಂದು ಬಲವಾದ ಪುರಾವೆಯೊಂದಿಗೆ ತೋರಿಸಬೇಕಾಗುತ್ತದೆ.

ಪ್ರಶ್ನೆ: ನನ್ನ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಮಂಜೂರಾಗಿಲ್ಲ. ಗಂಡ ಅಮೆರಿಕದ ಪ್ರಜೆ, ವಿಚ್ಛೇದನ ಬೇಕು ಎನ್ನುತ್ತಿದ್ದಾರೆ. ವಿನಾಯಿತಿ ನನಗೂ ಸಿಗುತ್ತದೆಯೇ?
— ಓದುಗಳು, ನ್ಯೂಜೆರ್ಸಿ

ಉತ್ತರ: ಇಲ್ಲ. ಈ ವಿನಾಯಿತಿ ಇರುವುದು ಷರತ್ತಿನ ಕಾರ್ಡ್ ಪಡೆದವರಿಗೆ. ಮಂಜೂರಾತಿಗೆ ಮೊದಲೇ ವಿಚ್ಛೇದನವಾದರೆ ಆ ಮದುವೆಯ ಆಧಾರದ ಅರ್ಜಿ ಬಿದ್ದುಹೋಗುತ್ತದೆ. ಆಗ ಉಳಿಯಲು ಬೇರೆ ಆಧಾರ ಬೇಕು. ನೀವು ಎಚ್‌-1ಬಿ ಅಥವಾ ವಿದ್ಯಾರ್ಥಿ ವೀಸಾದ ಸ್ಥಾನಮಾನವನ್ನು ಬಿಡದೆ ಕಾಪಾಡಿಕೊಂಡಿದ್ದರೆ ಅದೇ ನಿಮ್ಮ ಆಸರೆ. ಗಂಡ ಹಿಂಸಿಸಿದ್ದರೆ 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯಡಿ ಐ-360 ಮೂಲಕ ನೀವೇ ನಿಮ್ಮ ಪರ ಅರ್ಜಿ ಹಾಕಿಕೊಳ್ಳಬಹುದು. ವಿಚ್ಛೇದನವಾಗಿದ್ದರೆ ಅದಕ್ಕೆ ಎರಡು ವರ್ಷದ ಗಡುವಿದೆ. ಗಂಡ ಕಳುಹಿಸುವ ವಿಚ್ಛೇದನದ ಯಾವ ಕಾಗದಕ್ಕೂ ವಲಸೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.